ಡೊಮಿನಿಕನ್ ರಿಪಬ್ಲಿಕ್‌ಗೆ ಬೇಸ್‌ಬಾಲ್ ಮಿಷನ್ ಟ್ರಿಪ್: ಮಗನನ್ನು ಕಳಿಸಲಾ, ಬೇಡ್ವಾ?

ಡಲ್ಲಾಸ್ ಅಮ್ಮ: ನಮಸ್ಕಾರ. ನನ್ನ ಮಗನಿಗೆ 17. ಹೈಸ್ಕೂಲ್ ಟೀಮಿನಲ್ಲಿ ಬೇಸ್‌ಬಾಲ್ ಆಡುತ್ತಾನೆ. ನಮ್ಮ ಚರ್ಚಿನ 15 ಹುಡುಗರು ಜುಲೈನಲ್ಲಿ 9 ದಿನ ಕೆರಿಬಿಯನ್ ಕಡಲಿನ ಡೊಮಿನಿಕನ್ ರಿಪಬ್ಲಿಕ್‌ಗೆ ಹೋಗುತ್ತಿದ್ದಾರೆ, ಸ್ಯಾನ್ ಪೆಡ್ರೊ ದೆ ಮಕೊರಿಸ್ ಹತ್ತಿರದ ಹಳ್ಳಿಗೆ. ಬೆಳಿಗ್ಗೆ ಅಲ್ಲಿನ ಮಕ್ಕಳಿಗೆ ಕೋಚಿಂಗ್, ನಡುವೆ ಬೈಬಲ್ ಕತೆ, ಸಾಕ್ಷಿ (ಅಂದರೆ ತಮ್ಮ ನಂಬಿಕೆಯ ಅನುಭವ ಹೇಳೋದು), ಪ್ರಾರ್ಥನೆ. ತಲೆಗೆ 2,300 ಡಾಲರ್. ಅರ್ಧ ನಾವು ಕೊಡಬೇಕು, ಇನ್ನರ್ಧ ಅವನೇ ನೆಂಟರಿಷ್ಟರ ಹತ್ತಿರ ಕೇಳಿ ಕೂಡಿಸಬೇಕಂತೆ. ಅವನು ಕುಣಿಯುತ್ತಿದ್ದಾನೆ. ನನಗೆ ಯಾಕೋ ಮನಸ್ಸು ಒಪ್ಪುತ್ತಿಲ್ಲ.

ವಾರಾಂತ್ಯದ ಕೋಚ್: ಸ್ಯಾನ್ ಪೆಡ್ರೊದವರಿಗೆ ಬೇಸ್‌ಬಾಲ್ ಕಲಿಸೋದಾ! ದಾವಣಗೆರೆಗೆ ಹೋಗಿ ಬೆಣ್ಣೆ ದೋಸೆ ಹೇಳಿಕೊಟ್ಟ ಹಾಗಾಯ್ತು. ಅಮೆರಿಕದ ದೊಡ್ಡ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗಿನಲ್ಲಿ ಹೆಚ್ಚು ಕಡಿಮೆ ಹತ್ತಕ್ಕೊಬ್ಬ ಆಟಗಾರ ಆ ಪುಟ್ಟ ದೇಶದವನು. ಸ್ಯಾಮಿ ಸೋಸಾ, ರಾಬಿನ್ಸನ್ ಕಾನೊ ಅದೇ ಸೀಮೆಯವರು. ಅಲ್ಲಿನ ಮಕ್ಕಳು ಬೀದಿಯಲ್ಲಿ ನೀರಿನ ಕ್ಯಾನಿನ ಮುಚ್ಚಳ ಎಸೆದು ಪೊರಕೆ ಕೋಲಿನಿಂದ ಹೊಡೆಯುತ್ತಾರೆ. ವಿತಿಯಾ ಅಂತ ಅದರ ಹೆಸರು. ಗಾಳಿಯಲ್ಲಿ ತಿರುಚಿಕೊಂಡು ಬರುವ ಮುಚ್ಚಳ ಹೊಡೆದು ಬೆಳೆದವನಿಗೆ ಚೆಂಡು ಯಾವ ಲೆಕ್ಕ?

ಬಿಸಿಬೇಳೆ ಭಕ್ತ: ಕೋಚಿಂಗ್ ಅನ್ನೋದು ಗಾಳಕ್ಕೆ ಸಿಕ್ಕಿಸಿದ ಎರೆಹುಳು, ಅಷ್ಟೇ. ಆಡಲು ಬಂದ ಮಗುವನ್ನು ನೆರಳಲ್ಲಿ ಕೂರಿಸಿ ಪ್ರಾರ್ಥನೆ ಅಂದರೆ ಅದು ಎದ್ದು ಹೋಗುತ್ತಾ? ಅದಕ್ಕೆ ಜ್ಯೂಸ್ ಬೇಕು, ಗ್ಲೌವ್ ಬೇಕು. ಭಾರತಕ್ಕೆ ಟೂರಿಸ್ಟ್ ವೀಸಾದಲ್ಲಿ ಬಂದು ಧರ್ಮಪ್ರಚಾರ ಮಾಡುವ ಹಾಗಿಲ್ಲ, ಅದಕ್ಕೆ ಮಿಷನರಿ ವೀಸಾ ಅಂತ ಬೇರೆ ಇದೆ. ಸುಮ್ನೆ ಮಾಡಿದ ನಿಯಮವಲ್ಲ ಅದು.

ಧಾರವಾಡದ ಮೊಮ್ಮಗ: ನೀವು ಶಾಲೆಯಲ್ಲಿ ವಾಲಿಬಾಲ್ ಆಡಿಲ್ವಾ? 1891ರಲ್ಲಿ ಬಾಸ್ಕೆಟ್‌ಬಾಲ್ ಶುರು ಮಾಡಿದ ನೈಸ್ಮಿತ್, 1895ರಲ್ಲಿ ವಾಲಿಬಾಲ್ ಶುರು ಮಾಡಿದ ಮಾರ್ಗನ್, ಇಬ್ಬರೂ ವೈಎಂಸಿಎ ಅನ್ನುವ ಕ್ರೈಸ್ತ ಯುವಕರ ಸಂಘದವರು. ಮದ್ರಾಸಿನಲ್ಲಿ 1920ರಲ್ಲಿ ವ್ಯಾಯಾಮ ಶಿಕ್ಷಕರ ಕಾಲೇಜು ತೆರೆದ ಹ್ಯಾರಿ ಕ್ರೋ ಬಕ್ ಕೂಡ ಅವರೇ. ಎಷ್ಟೋ ಪಿಟಿ ಮೇಷ್ಟ್ರುಗಳು ಅಲ್ಲಿ ಕಲಿತು ಬಂದವರು. ನಂಬಿಕೆ ಇರುವವನು ಆಟಕ್ಕೆ ಬರುವಾಗ ಅದನ್ನು ಮನೇಲಿ ಬಿಟ್ಟು ಬರಬೇಕಾ?

ವಾರಾಂತ್ಯದ ಕೋಚ್: ಬಕ್ 9 ದಿನಕ್ಕೆ ಬಂದವರಲ್ಲ ಸರ್. ನಿಮ್ಮೂರಿನ ಕಡೆಯ ಉದಾಹರಣೆಯನ್ನೇ ತಗೊಳ್ಳಿ. ಕಿಟೆಲ್ ಬಂದಿದ್ದು 1853ರಲ್ಲಿ, ನಿಘಂಟು ಅಚ್ಚಾಗಿದ್ದು 1894ರಲ್ಲಿ. ಈ ಹುಡುಗರು ಒಂಬತ್ತು ದಿನದಲ್ಲಿ ಆ ಮಕ್ಕಳ ಹೆಸರು ಸರಿಯಾಗಿ ಹೇಳೋದು ಕಲಿತರೇ ಜಾಸ್ತಿ.

ಕುಡ್ಲದ ಕೊಂಕಣಿ: ಇನ್ನೊಂದು ವಿಷಯ. ಅಲ್ಲಿ ಬಹಳ ಜನ ನಮ್ಮ ಹಾಗೆ ಕ್ಯಾಥೊಲಿಕರು. ರಾಜಧಾನಿ ಸ್ಯಾಂಟೊ ಡೊಮಿಂಗೊದ ಕೆಥೆಡ್ರಲ್ 16ನೇ ಶತಮಾನದ್ದು, ಆಗ ಡಲ್ಲಾಸ್ ಇರುವ ಟೆಕ್ಸಸ್ ಅಂತ ಒಂದು ರಾಜ್ಯವೇ ಇರಲಿಲ್ಲ. ಅವರಿಗೆ ಯೇಸುವಿನ ಪರಿಚಯ ಮಾಡಿಸಲು ಡಲ್ಲಾಸಿನಿಂದ ವಿಮಾನ ಹತ್ತಬೇಕಾ?

ಹಳೇ ಕ್ಯಾಚರ್: ನಾನು 19ನೇ ವಯಸ್ಸಿನಲ್ಲಿ ಇಂಥದ್ದೇ ಟ್ರಿಪ್‌ನಲ್ಲಿ ಅಲ್ಲಿಗೆ ಹೋಗಿದ್ದೆ. ಐದು ನಿಮಿಷ ಕಣ್ಣೀರು ಹಾಕಿಕೊಂಡು ಸಾಕ್ಷಿ ಹೇಳಿದೆ. ಅನುವಾದ ಮಾಡುವವರು ಎರಡೇ ವಾಕ್ಯದಲ್ಲಿ ಮುಗಿಸಿದರು, ಮಕ್ಕಳು ಗೊಳ್ಳೆಂದು ನಕ್ಕರು. ಏನು ಹೇಳಿದರೋ ದೇವರೇ ಬಲ್ಲ. ನಾವು ಒಯ್ದ 30 ಗ್ಲೌವ್‌ಗಳಲ್ಲಿ ಎಡಚರದ್ದು (ಬಲಗೈಗೆ ಹಾಕುವಂಥದ್ದು) ಒಂದೂ ಇರಲಿಲ್ಲ. ಒಬ್ಬ ಹುಡುಗ ಬಲಗೈಗೆ ಉಲ್ಟಾ ಹಾಕಿಕೊಂಡೇ ನಮಗಿಂತ ಚೆನ್ನಾಗಿ ಹಿಡಿದ.

ಆದರೆ ಅಲ್ಲಿಯ ತೊಂದರೆ ಕೋಚಿಂಗ್ ಇಲ್ಲದಿರೋದಲ್ಲ, ಜಾಸ್ತಿ ಇರೋದು. ಮೇಜರ್ ಲೀಗಿನ 30 ತಂಡಗಳೂ ಅಲ್ಲಿ ಅಕಾಡೆಮಿ ಇಟ್ಟಿವೆ. 16 ವರ್ಷಕ್ಕೇ ಕರಾರಿಗೆ ಸಹಿ. ಅದಕ್ಕೂ ಮುಂಚೆಯೇ ಬುಸ್ಕೋನ್ ಅನ್ನುವ ಖಾಸಗಿ ತರಬೇತುದಾರರು ಹುಡುಗರನ್ನು ಹಿಡಿದಿರುತ್ತಾರೆ, ಸಹಿ ಬಿದ್ದ ದಿನ ದುಡ್ಡಿನಲ್ಲಿ ಪಾಲು. ಶಾಲೆ ಅಲ್ಲಿಗೇ ನಿಲ್ಲುತ್ತದೆ. ಸಹಿ ಹಾಕಿದವರಲ್ಲೂ ಹೆಚ್ಚಿನವರು ಮೇಜರ್ ಲೀಗ್ ಮುಟ್ಟೋದಿಲ್ಲ. ನಾವು ಹೋದ ಕಡೆ ಪಾಸ್ಟರ್ ಒಂದು ಉಪಾಯ ಮಾಡಿದ್ದರು. ಸಂಜೆ ಟ್ಯೂಷನ್‌ಗೆ ಬಂದವನಿಗೇ ಮಾರನೆಯ ದಿನ ಆಟ. ನಾವು ಬರಲಿ ಬಿಡಲಿ, ಅದು ವರ್ಷವಿಡೀ ನಡೆಯುತ್ತಿತ್ತು. ಅಕ್ಕಾ, ನಿಮ್ಮವರನ್ನು ಇದೊಂದೇ ಕೇಳಿ: ಆಗಸ್ಟಿನಲ್ಲಿ ಅಲ್ಲಿ ಯಾರಿರುತ್ತಾರೆ?

ಬಿಸಿಬೇಳೆ ಭಕ್ತ: ಹಾಗಾದರೆ 15 ಹುಡುಗರ 34,500 ಡಾಲರನ್ನು ಆ ಪಾಸ್ಟರಿಗೇ ಕಳಿಸಿ.

ಹಳೇ ಕ್ಯಾಚರ್: ಟ್ರಿಪ್ ಇಲ್ಲದಿದ್ದರೆ ಆ ದುಡ್ಡು ಹುಟ್ಟೋದೇ ಇಲ್ಲ ಸ್ವಾಮಿ. ನಾನು ಹೋಗಿ ಬಂದಿದ್ದಕ್ಕೇ 11 ವರ್ಷದಿಂದ ತಿಂಗಳಿಗೆ 20 ಡಾಲರ್ ಕಳಿಸುತ್ತಿದ್ದೇನೆ. ಇಲ್ಲದಿದ್ದರೆ ಆ ಊರಿನ ಹೆಸರೂ ಗೊತ್ತಿರುತ್ತಿರಲಿಲ್ಲ.

ಡಲ್ಲಾಸ್ ಅಮ್ಮ: ಕೇಳಿದೆ. ವರ್ಷವಿಡೀ ನಡೆಸುವ ಸ್ಥಳೀಯ ಕೋಚ್ ಇದ್ದಾರಂತೆ. ನಡುವೆ ಪ್ರಾರ್ಥನೆ ಇದೆ ಅಂತ ತಂದೆ ತಾಯಿಗೆ ಮೊದಲೇ ಹೇಳ್ತೀರಾ ಅಂದೆ. "ಎಲ್ಲರಿಗೂ ಗೊತ್ತಿರುತ್ತೆ" ಅಂದರು. ಗೊತ್ತಿರುತ್ತೆ ಅಂದರೆ ಆಗಲ್ಲ, ಸ್ಪ್ಯಾನಿಷ್‌ನಲ್ಲಿ ಕಾಗದ ಕೊಡಿ, ಬೇಡ ಅಂದ ಮಗುವಿಗೂ ಆಟ ಇರಲಿ ಅಂತ ಪಟ್ಟು ಹಿಡಿದೆ. ಒಪ್ಪಿದ್ದಾರೆ. ಮಗ, "ಹಾಗಾದ್ರೆ ನಾನು ಅಲ್ಲಿ ಏನು ಮಾಡ್ಲಿ?" ಅಂದ. ಚೆಂಡು ಹೆಕ್ಕಿಕೊಡು ಅಂದೆ. ಮುಖ ಸಣ್ಣದು ಮಾಡಿಕೊಂಡ. ಎರಡು ದಿನ ಬಿಟ್ಟು, ಎಡಚರ ಗ್ಲೌವ್ ಸೆಕೆಂಡ್ ಹ್ಯಾಂಡ್ ಎಲ್ಲಿ ಸಿಗುತ್ತೆ ಅಂತ ಕೇಳುತ್ತಿದ್ದಾನೆ. ಯಾರಿಗಾದರೂ ಗೊತ್ತಾ?

ವಾರಾಂತ್ಯದ ಕೋಚ್: ನನ್ನ ಗ್ಯಾರೇಜಿನಲ್ಲಿ ಎರಡಿವೆ. ಒಂದರ ಚರ್ಮದ ದಾರ ಬಿಚ್ಚಿದೆ, ಸರಿ ಮಾಡಿಸಿ ಕೊಡ್ತೀನಿ.

ಬಿಸಿಬೇಳೆ ಭಕ್ತ: ನನ್ನ ವಿರೋಧ ಹಾಗೇ ಇದೆ. ಆ ಸ್ಪ್ಯಾನಿಷ್ ಕಾಗದ ಬಂದ ಮೇಲೆ ಇಲ್ಲಿ ಹಾಕಿ ಮೇಡಂ, ಏನು ಬರೆದಿದ್ದಾರೆ ನೋಡೋಣ.