ಎರಡೇ ದಿನದಲ್ಲಿ ಮತ್ತೆ ಕಪ್ಪಾಗುವ ಹಳಿ, ಮುಗ್ಗರಿಸುವ ಎಂಜಿನ್

ಕರಾವಳಿಕಂಬಿ:
ಮಂಗಳೂರಿನ ಮನೆಯ ಮಹಡಿಯಲ್ಲಿ ಮಾದರಿ ರೈಲಿಗೆ ಎಚ್‌ಒ ಅಳತೆಯ (ನಿಜದ ರೈಲಿನ 87ನೇ ಒಂದು ಭಾಗದಷ್ಟು) ಹಳಿ ಹಾಸಿದ್ದೇನೆ. 12 ವೋಲ್ಟ್ ಡಿಸಿ, ನಿಕಲ್ ಸಿಲ್ವರ್ ಕಂಬಿ. ಜೂನ್‌ನಿಂದ ಎಂಜಿನ್ ನೆಟ್ಟಗೆ ಓಡುತ್ತಿಲ್ಲ. ದೀಪ ಮಿನುಗುತ್ತದೆ, ಗಾಡಿ ನಿಲ್ಲುತ್ತದೆ, ಬೆರಳಿನಿಂದ ತಳ್ಳಿದರೆ ಮತ್ತೆ ಹೊರಡುತ್ತದೆ. ಉಪ್ಪುಕಾಗದದಿಂದ ಉಜ್ಜಿದ ದಿನ ಹಳಿ ಕನ್ನಡಿಯಂತಿರುತ್ತದೆ. ಎರಡು ದಿನ ಓಡಿಸಿದರೆ ಬಟ್ಟೆಗೆ ಕಾಡಿಗೆಯಂಥ ಮಸಿ ಮೆತ್ತುತ್ತದೆ. ಮಳೆಗಾಲದ ತೇವ ಕಾರಣವೇ?

ಹಳಿಗಾರ:
ದಯವಿಟ್ಟು ಉಪ್ಪುಕಾಗದವನ್ನು ಇವತ್ತೇ ಬಿಟ್ಟುಬಿಡಿ. ಅದು ಎಬ್ಬಿಸುವ ಸಣ್ಣ ಗೀರುಗಳಲ್ಲೇ ಮಸಿ ಬೇರೂರುತ್ತದೆ. ಉಕ್ಕಿನ ನಾರಂತೂ ಬೇಡವೇ ಬೇಡ. ಅದರ ಎಳೆಗಳನ್ನು ಮೋಟಾರಿನ ಅಯಸ್ಕಾಂತ ಒಳಗೆ ಎಳೆದುಕೊಳ್ಳುತ್ತದೆ.

ತೇವದ ಪಾಲು ಸ್ವಲ್ಪ ಇರಬಹುದು, ಆದರೆ ಹಿತ್ತಾಳೆಯಷ್ಟು ಬೇಗ ನಿಕಲ್ ಸಿಲ್ವರ್ ಕಿಲುಬು ಹಿಡಿಯುವುದಿಲ್ಲ. (ಹೆಸರಿನಲ್ಲಿ ಬೆಳ್ಳಿಯಿದೆ, ಲೋಹದಲ್ಲಿಲ್ಲ. ಅದು ತಾಮ್ರ, ನಿಕಲ್, ಸತುವಿನ ಮಿಶ್ರಣ.) ನಿಮ್ಮ ಮಸಿಯನ್ನು ಹುಟ್ಟಿಸುತ್ತಿರುವುದು ಬಹುಪಾಲು ರೈಲೇ. ಗಾಲಿಗೂ ಕಂಬಿಗೂ ನಡುವೆ ಸಂಪರ್ಕ ತಪ್ಪಿದಾಗಲೆಲ್ಲ ಕಣ್ಣಿಗೆ ಕಾಣದಷ್ಟು ಪುಟ್ಟ ಕಿಡಿ ಹಾರಿ ಲೋಹವನ್ನು ಸುಡುತ್ತದೆ. ಅದಕ್ಕೆ ಧೂಳೂ ಎಂಜಿನ್ನಿನ ಎಣ್ಣೆಯೂ ಸೇರುತ್ತವೆ. ಮಸಿ ಹೆಚ್ಚಿದಷ್ಟೂ ಕಿಡಿ ಹೆಚ್ಚು, ಕಿಡಿ ಹೆಚ್ಚಿದಷ್ಟೂ ಮಸಿ ಹೆಚ್ಚು.

ಬಣ್ಣದ ಅಂಗಡಿಯಲ್ಲಿ ಸಿಗುವ ಮಿನರಲ್ ಟರ್ಪೆಂಟೈನನ್ನು ಹತ್ತಿಬಟ್ಟೆಗೆ ತುಸುವೇ ಹಾಕಿ ಒರೆಸಿ, ಆಮೇಲೆ ಒಣಬಟ್ಟೆಯಲ್ಲಿ ಇನ್ನೊಮ್ಮೆ. ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ ಬಿಡಬೇಡಿ. ಐಸೊಪ್ರೊಪೈಲ್ ಆಲ್ಕೋಹಾಲ್ ಕೂಡ ಕೊಳೆ ತೆಗೆಯುತ್ತದೆ, ಆದರೆ ಅದರಿಂದ ಒರೆಸಿದ ಹಳಿ ಬೇಗ ಕಪ್ಪಾಗುವುದನ್ನು ನಾನೇ ಕಂಡಿದ್ದೇನೆ. ಎರಡೂ ಹೊತ್ತಿಕೊಳ್ಳುವ ದ್ರವಗಳು. ಕಿಟಕಿ ತೆರೆದಿರಲಿ, ಒರೆಸಿದ ಹಳಿ ಪೂರ್ತಿ ಆರುವ ಮುನ್ನ ವಿದ್ಯುತ್ ಹಾಯಿಸಬೇಡಿ.

ಹಳಿ ಒರೆಸಿ ಗಾಲಿ ಬಿಟ್ಟರೆ, ಕಾಲು ತೊಳೆಯದೆ ಒರೆಸಿದ ನೆಲಕ್ಕೆ ಬಂದಂತೆ. ಆಲ್ಕೋಹಾಲಿನಿಂದ ತುಸುವೇ ತೇವ ಮಾಡಿದ ಪೇಪರ್ ಟವಲನ್ನು ಹಳಿಯ ಮೇಲೆ ಹಾಸಿ, ಎಂಜಿನ್ನಿನ ಒಂದು ತುದಿಯ ಗಾಲಿಗಳನ್ನು ಅದರ ಮೇಲೂ ಇನ್ನೊಂದು ತುದಿಯವನ್ನು ಬರಿಯ ಕಂಬಿಯ ಮೇಲೂ ಇಟ್ಟು, ಎಂಜಿನ್ನನ್ನು ಕೈಯಲ್ಲಿ ಹಿಡಿದು, ಕಂಬಿಗೆ ವಿದ್ಯುತ್ ಕೊಟ್ಟು ಗಾಲಿಗಳನ್ನು ನಿಧಾನವಾಗಿ ತಿರುಗಿಸಿ. ಕಾಗದದ ಮೇಲೆ ಎರಡು ಕಪ್ಪು ಗೆರೆ ಮೂಡುತ್ತವೆ. ಎಂಜಿನ್ನಿನ ದಿಕ್ಕು ಬದಲಿಸಿಟ್ಟು ಇನ್ನೊಂದು ತುದಿಗೂ ಹಾಗೆಯೇ ಮಾಡಿ. ಬೋಗಿಗಳಿಗೆ ಪ್ಲಾಸ್ಟಿಕ್ ಗಾಲಿಯೇ?

ಕರಾವಳಿಕಂಬಿ:
ಹೌದು, ಒಂಬತ್ತಕ್ಕೂ. ಉಗುರಿನಿಂದ ಕೆರೆದರೆ ಕರಿಯ ಪದರವೇ ಏಳುತ್ತಿದೆ! ಹಳಿ, ಎಂಜಿನ್ ಎರಡನ್ನೂ ನೀವು ಹೇಳಿದಂತೆ ಒರೆಸಿದೆ. ಈಗ ಸುತ್ತೆಲ್ಲ ಸಲೀಸು. ಆದರೆ ಸುರಂಗದ ಬಾಯಿಯ ತಿರುವಿನಲ್ಲಿ ಮಾತ್ರ ವೇಗ ಇಳಿಯುತ್ತದೆ.

ಹಳಿಗಾರ:
ಯಾವಾಗಲೂ ಅದೇ ಜಾಗ ಎಂದರೆ ಬಹುಶಃ ಕೊಳೆಯಲ್ಲ, ಸಡಿಲವಾದ ಫಿಶ್‌ಪ್ಲೇಟ್ (ಎರಡು ಕಂಬಿಗಳನ್ನು ಜೋಡಿಸುವ ಪಟ್ಟಿ). ಮಲ್ಟಿಮೀಟರ್ ಇಡಿ, ಆದರೆ ಎಂಜಿನ್ ಅಲ್ಲಿ ಓಡುತ್ತಿರುವಾಗಲೇ ಅಳೆಯಿರಿ. ಖಾಲಿ ಹಳಿಯಲ್ಲಿ ಕೆಟ್ಟ ಕೀಲೂ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಕುಸಿತ ಕಂಡರೆ ವಿದ್ಯುತ್ ಮೂಲದಿಂದ ಆ ತುಂಡಿಗೆ ನೇರವಾಗಿ ಎರಡು ತಂತಿ ಬೆಸೆಯಿರಿ. ಬೋಗಿಗಳಿಗೆ ನಿಧಾನವಾಗಿ ಲೋಹದ ಗಾಲಿ ಹಾಕಿಸಿಕೊಳ್ಳಿ, ಪ್ಲಾಸ್ಟಿಕ್ಕಿಗೆ ಕೊಳೆ ಬೇಗ ಅಂಟುತ್ತದೆ.

ಕರಾವಳಿಕಂಬಿ:
ಅಳೆದೆ. ಕೀಲಿನ ಈಚೆ 11.6 ವೋಲ್ಟ್, ಆಚೆ 8.9. ನಿನ್ನೆ ರಾತ್ರಿ ತಂತಿ ಬೆಸೆದೆ. ಗಾಡಿ ಸುರಂಗದೊಳಗೆ ದೀಪ ಮಿನುಗಿಸದೆ ಹೋಗಿ ಆಚೆ ಬಂತು. ಲೋಹದ ಗಾಲಿಗಳನ್ನು ಈ ತಿಂಗಳು ಮೂರು ಬೋಗಿಗೆ ತರಿಸುತ್ತಿದ್ದೇನೆ.