ಇಪಿಎಸ್ ಪಿಂಚಣಿ ವಯಸ್ಸು 58ರಿಂದ 60 ಆದರೆ ಗಾರ್ಮೆಂಟ್ಸ್ ಹೆಂಗಸರಿಗೆ ಏನು ಹೊಡೆತ?

ಗೌರಿಬಿದನೂರು ಓದುಗ:
ಬ್ರಿಟನ್‌ನಲ್ಲಿ ಹೆಂಗಸರ ಪಿಂಚಣಿ ವಯಸ್ಸನ್ನು 60ರಿಂದ 66ಕ್ಕೆ ತಂದ ಜಗಳ ವರ್ಷಗಟ್ಟಲೆ ನಡೆದಿದೆ. ನಮ್ಮಲ್ಲೂ ಇಪಿಎಸ್-95ರ (ಪಿಎಫ್ ಜೊತೆಗಿರುವ ನೌಕರರ ಪಿಂಚಣಿ ಯೋಜನೆ) ಪಿಂಚಣಿ ವಯಸ್ಸು 58ನ್ನು 60 ಮಾಡಬೇಕೆಂಬ ಮಾತು ಆಗಾಗ ತಲೆ ಎತ್ತುತ್ತದೆ. ನಮ್ಮ ಕಡೆ ಬೆಳಿಗ್ಗೆ ಫ್ಯಾಕ್ಟರಿ ಬಸ್ಸು ಹತ್ತುವವರಲ್ಲಿ ಹೆಂಗಸರೇ ಹೆಚ್ಚು. ಎರಡು ವರ್ಷ ಮುಂದೆ ಹೋದರೆ ಅವರಿಗೆ ರೂಪಾಯಿ ಲೆಕ್ಕದಲ್ಲಿ ಏನಾಗುತ್ತದೆ? "ಆಯಸ್ಸು ಹೆಚ್ಚಿದೆ, ದುಡಿಯಲಿ ಬಿಡಿ" ಅನ್ನುವ ಉತ್ತರ ಬೇಡ. ಲೆಕ್ಕ ಬಲ್ಲವರು ಹೇಳಿ.

ಕೋಲಾರದ ಲೆಕ್ಕಿಗ:
ಸರ್, ಬೇಸಿಕ್ ಮತ್ತು ಡಿಎ ಸೇರಿ 12,000 ಅಂತ ಹಿಡಿಯಿರಿ. ಮಾಲೀಕರು ಪಿಎಫ್‌ಗೆ ಕಟ್ಟುವ ಶೇ 12ರಲ್ಲಿ ಸಂಬಳದ ಶೇ 8.33, ಅಂದರೆ ಸುಮಾರು 1,000 ರೂಪಾಯಿ ತಿಂಗಳಿಗೆ ಪಿಂಚಣಿ ಖಾತೆಗೆ ಹೋಗುತ್ತದೆ. ಪಿಂಚಣಿಯ ಸೂತ್ರ: ಕೊನೆಯ 60 ತಿಂಗಳ ಸರಾಸರಿ ಸಂಬಳ ಗುಣಿಸು ಸರ್ವಿಸ್ ವರ್ಷ, ಭಾಗಿಸು 70. ಹತ್ತು ವರ್ಷ ಸರ್ವಿಸ್ ಇದ್ದರೆ 12,000 × 10 ÷ 70, ತಿಂಗಳಿಗೆ 1,714.

ಈಗ ವಯಸ್ಸು 60 ಆಯಿತು ಅಂದುಕೊಳ್ಳಿ. 58ಕ್ಕೆ ಕೆಲಸ ಬಿಟ್ಟವರಿಗೆ 24 ತಿಂಗಳ ಪಿಂಚಣಿ ಖೋತಾ, ಅಂದರೆ 41,136 ರೂಪಾಯಿ. 60ಕ್ಕೆ ಬರುವುದು ಅದೇ 1,714, ಹೆಚ್ಚಿನದೇನೂ ಇಲ್ಲ. ಆ ಎರಡು ವರ್ಷವೂ ದುಡಿದವರಿಗೆ ಸರ್ವಿಸ್ 12 ಆಗಿ 2,057 ಬರುತ್ತದೆ, ತಿಂಗಳಿಗೆ 343 ಹೆಚ್ಚು. ಕಳೆದುಕೊಂಡ 41,136 ತುಂಬಲು 120 ತಿಂಗಳು ಬೇಕು. 70ನೇ ವಯಸ್ಸಿಗೆ ಸರಿಸಮ, ಆಮೇಲೆ ಲಾಭ. ಆ ಎರಡು ವರ್ಷದ ಸಂಬಳ ಬೇರೆ ಬಂದಿರುತ್ತದೆ, ಒಪ್ಪುತ್ತೇನೆ. ಆದರೆ 59 ವರ್ಷದವರನ್ನು ಟೈಲರಿಂಗ್ ಲೈನಿನಲ್ಲಿ ಗಂಟೆಗಿಷ್ಟು ಪೀಸು ಅಂತ ಕೂರಿಸಿಕೊಳ್ಳುವ ಫ್ಯಾಕ್ಟರಿ ತೋರಿಸಿ, ಆಮೇಲೆ ಮಾತಾಡೋಣ.

ಅಂದಹಾಗೆ, ಇಷ್ಟವಿದ್ದವರು ಈಗಲೂ 60ರವರೆಗೆ ಮುಂದೂಡಬಹುದು, ವರ್ಷಕ್ಕೆ ಶೇ 4 ಸೇರುತ್ತದೆ. ವಂತಿಗೆ ಕಟ್ಟದೆ ಸುಮ್ಮನೆ ಮುಂದೂಡಿದರೆ 1,714 ಹೋಗಿ 1,850ರ ಆಸುಪಾಸು. ಬಿಟ್ಟ ಹಣ ಆ 136 ರೂಪಾಯಿಯಿಂದ ವಾಪಸ್ ಬರಲು 25 ವರ್ಷ! ಮುಂದೂಡಲೇಬೇಡಿ.

ತುಮಕೂರು 572:
ಬ್ರಿಟನ್ ವಿಷಯ ಬಂದಿದ್ದಕ್ಕೆ ಒಂದು ಮಾತು. ಅಲ್ಲಿ ಗಂಡಸರಿಗೆ 65, ಹೆಂಗಸರಿಗೆ 60 ಇತ್ತು. 1995ರ ಕಾಯ್ದೆ ಹೆಂಗಸರ ವಯಸ್ಸನ್ನು 2010ರಿಂದ 2020ರೊಳಗೆ ಮೆಲ್ಲಗೆ 65ಕ್ಕೆ ತರಬೇಕೆಂದಿತು. 2011ರ ಕಾಯ್ದೆ ಅವಸರ ಮಾಡಿ 2018ರ ನವೆಂಬರಿಗೇ 65, 2020ರ ಅಕ್ಟೋಬರಿಗೆ ಎಲ್ಲರಿಗೂ 66 ಮಾಡಿತು. 1950ರ ದಶಕದಲ್ಲಿ ಹುಟ್ಟಿದವರು ನಡುವೆ ಸಿಕ್ಕಿಬಿದ್ದರು.

ಹೋರಾಟಗಾರರಲ್ಲಿ ಹಲವರು ಸಮಾನ ವಯಸ್ಸು ತಪ್ಪು ಅನ್ನುವುದಿಲ್ಲ. ಅವರ ತಕರಾರು, ಹೇಳದೆ ಮಾಡಿದಿರಿ ಅಂತ. 1995ರಲ್ಲಿ ಕಾಯ್ದೆಯಾದರೂ ಒಬ್ಬೊಬ್ಬರ ಹೆಸರಿಗೆ ಪತ್ರ ಹೋಗಲು ಶುರುವಾಗಿದ್ದು 2009ರಲ್ಲಿ. ಅಲ್ಲಿನ ಒಂಬುಡ್ಸ್‌ಮನ್ (ಸರ್ಕಾರದ ಮೇಲಿನ ದೂರು ವಿಚಾರಿಸುವ ಅಧಿಕಾರಿ) 2021ರಲ್ಲಿ, 28 ತಿಂಗಳು ಮೊದಲೇ ಬರೆಯಬೇಕಿತ್ತು, ಇದು ಆಡಳಿತದ ಲೋಪ ಎಂದರು. 2024ರ ಮಾರ್ಚ್‌ನಲ್ಲಿ ತಲಾ 1,000ದಿಂದ 2,950 ಪೌಂಡ್ ಪರಿಹಾರ ಸೂಚಿಸಿದರು. ಡಿಸೆಂಬರಿನಲ್ಲಿ ಸರ್ಕಾರ ಆಗಲ್ಲ ಎಂದಿತು.

ನಮ್ಮಲ್ಲಿ ಇದೇ ಎಡವಟ್ಟು 2016ರಲ್ಲಿ ಆಗಿದೆ, ಮರೆತಿದ್ದೀರಾ? ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ತುಂಬುವ ತನಕ ತೆಗೆಯುವಂತಿಲ್ಲ ಎಂದು ಫೆಬ್ರುವರಿಯಲ್ಲಿ ಅಧಿಸೂಚನೆ ಬಂತು. ಏಪ್ರಿಲ್ 18 ಮತ್ತು 19ರಂದು ಗಾರ್ಮೆಂಟ್ಸ್ ಹೆಂಗಸರು ಬೆಂಗಳೂರಿನ ರಸ್ತೆಗಿಳಿದರು. 19ರಂದೇ ಕೇಂದ್ರ ಅದನ್ನು ವಾಪಸ್ ತೆಗೆದುಕೊಂಡಿತು. ಅಲ್ಲಿ ವರ್ಷಗಟ್ಟಲೆ ಕಾದರು, ಇಲ್ಲಿ ಎರಡೇ ದಿನ.

ಮಾಲೂರು ಪಿಎಫ್ ಸಹಾಯ:
58ಕ್ಕೋ 60ಕ್ಕೋ ಅಂತ ಹೊಡೆದಾಡುತ್ತಿದ್ದೀರಿ. ಪಿಂಚಣಿಗೇ ಬರದೆ ಉದುರಿಹೋಗುವ ಹೆಂಗಸರ ಕಥೆ ಏನು? ಹತ್ತು ವರ್ಷ ಸರ್ವಿಸ್ ಇಲ್ಲದಿದ್ದರೆ ವಯಸ್ಸು ಎಷ್ಟಿದ್ದರೂ ಪಿಂಚಣಿ ಇಲ್ಲ.

ತಪ್ಪುವುದು ಹೀಗೆ. ಮೂರು ವರ್ಷ ಒಂದು ಕಡೆ, ಹೆರಿಗೆಗೆ ಬಿಟ್ಟು ಮತ್ತೆ ನಾಲ್ಕು ವರ್ಷ ಇನ್ನೊಂದು ಕಡೆ. ಪ್ರತಿ ಸಲ ಬಿಟ್ಟಾಗಲೂ ಏಜೆಂಟು ಪಿಎಫ್ ಹಣ ತೆಗೆಯುವ ಫಾರ್ಮ್ 19ರ ಜೊತೆ ಪಿಂಚಣಿ ಪಾಲಿನ ಫಾರ್ಮ್ 10ಸಿಯನ್ನೂ ಹಾಕಿ ಪಿಂಚಣಿ ದುಡ್ಡನ್ನೂ ಎತ್ತಿಸುತ್ತಾನೆ. ಕೈಗೆ ಬರುವುದು ಕೆಲವು ಸಾವಿರ, ಸರ್ವಿಸ್ ಸೊನ್ನೆಯಿಂದ ಮತ್ತೆ ಶುರು. 10ಸಿಯಲ್ಲೇ ಸ್ಕೀಮ್ ಸರ್ಟಿಫಿಕೇಟ್ ಕೇಳುವ ಅವಕಾಶ ಇದೆ. ಅದನ್ನು ತೆಗೆದುಕೊಂಡರೆ ಹಳೆಯ ವರ್ಷಗಳು ಉಳಿಯುತ್ತವೆ. ಹೊಸ ಫ್ಯಾಕ್ಟರಿಗೆ ಸೇರುವಾಗ ಹಳೆಯ ಯುಎಎನ್ (ಕೆಲಸ ಬದಲಾದರೂ ಒಂದೇ ಇರುವ ಪಿಎಫ್ ನಂಬರು) ಕೊಡಿ, ಹೊಸದು ಮಾಡಿಸಬೇಡಿ. ಹಳೆಯ ಮಾಲೀಕರು ಬಿಟ್ಟ ದಿನಾಂಕ ಹಾಕಿರದಿದ್ದರೆ, ಕೊನೆಯ ವಂತಿಗೆಯಾಗಿ ಎರಡು ತಿಂಗಳ ಮೇಲೆ ಪೋರ್ಟಲ್‌ನಲ್ಲಿ ನೀವೇ ಹಾಕಬಹುದು. ವರ್ಗಾವಣೆ ಆದಮೇಲೆ ಪಾಸ್‌ಬುಕ್ಕಿನ ಪಿಂಚಣಿ ಕಾಲಂನಲ್ಲಿ ಹಳೆಯ ಹಣ ಕಾಣುವುದಿಲ್ಲ. ಹೆದರಬೇಡಿ, ಅಲ್ಲಿ ಸಾಗುವುದು ಸರ್ವಿಸ್, ಹಣವಲ್ಲ.

ಒಂಬತ್ತೂವರೆ ವರ್ಷ ಆಗಿದ್ದರೆ ಅದು ಹತ್ತು ಎಂದೇ ಲೆಕ್ಕ. ಆದರೆ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಹೆರಿಗೆ ಭತ್ಯೆಯ 26 ವಾರಕ್ಕೆ ಫ್ಯಾಕ್ಟರಿಯ ಸಂಬಳ ಇರುವುದಿಲ್ಲ, ಆದ್ದರಿಂದ ಪಿಎಫ್ ವಂತಿಗೆಯೂ ಇಲ್ಲ. ಹತ್ತು ವರ್ಷದ ಅಂಚಿನಲ್ಲಿರುವವರು ಆ ದಿನಗಳನ್ನು ಕಳೆದು ನೋಡಿಕೊಂಡೇ ಕೆಲಸ ಬಿಡಬೇಕು.

ಗೌರಿಬಿದನೂರು ಓದುಗ:
ಉಪಕಾರವಾಯಿತು. ಹುಟ್ಟಿದ ದಿನಾಂಕದ ಗೊಂದಲ ಇರುವವರ ಪಾಡೇನು ಮೇಡಂ? ಹಳ್ಳಿ ಕಡೆ ಅರ್ಧ ಜನಕ್ಕೆ ಜನವರಿ 1ಕ್ಕೇ ಹುಟ್ಟುಹಬ್ಬ.

ಮಾಲೂರು ಪಿಎಫ್ ಸಹಾಯ:
ಅದೇ ದೊಡ್ಡ ಗಂಟು. ದಾಖಲೆಯಲ್ಲಿ ಮೂರು ವರ್ಷ ಚಿಕ್ಕವರಾಗಿ ಬರೆಸಿದ್ದರೆ ಅವರ 58 ಅಂದರೆ ನಿಜದಲ್ಲಿ 61. ಕಾಯ್ದೆ 60 ಅಂದರೆ ಅವರಿಗೆ 63. ಇದನ್ನು 50ರ ಒಳಗೇ ಸರಿಮಾಡಿಸಿ. 2024ರ ಜನವರಿಯಲ್ಲಿ ಪಿಎಫ್ ಕಚೇರಿ ಹುಟ್ಟಿದ ದಿನಾಂಕದ ಪುರಾವೆಗಳ ಪಟ್ಟಿಯಿಂದ ಆಧಾರನ್ನು ತೆಗೆದುಹಾಕಿತು. ಜನನ ಪ್ರಮಾಣಪತ್ರ, ಇಲ್ಲವೇ ಶಾಲೆಯ ಟಿಸಿ ಹುಡುಕಿ. ಆಧಾರ್, ಟಿಸಿ, ಪಿಎಫ್ ಮೂರರಲ್ಲೂ ಹೆಸರಿನ ಅಕ್ಷರ ಒಂದೇ ಇರಲಿ. ಒಂದರಲ್ಲಿ ಅಪ್ಪನ ಹೆಸರು, ಇನ್ನೊಂದರಲ್ಲಿ ಗಂಡನ ಹೆಸರು ಸೇರಿಕೊಂಡಿರುತ್ತದೆ, ಅಲ್ಲಿಗೇ 10ಡಿ (ಪಿಂಚಣಿ ಕೇಳುವ ಅರ್ಜಿ) ವಾಪಸ್.

ಕೋಲಾರದ ಲೆಕ್ಕಿಗ:
50 ಆದಮೇಲೆ ಕೆಲಸ ಬಿಟ್ಟು, ಹತ್ತು ವರ್ಷ ಸರ್ವಿಸ್ ಇದ್ದವರು 58ಕ್ಕೂ ಮುಂಚೆ ಪಿಂಚಣಿ ಕೇಳಬಹುದು. ಆದರೆ 58ಕ್ಕೆ ಎಷ್ಟು ವರ್ಷ ಕಡಿಮೆಯೋ ವರ್ಷಕ್ಕೆ ಶೇ 4ರಂತೆ ಕಡಿತ, ಅದೂ ಜೀವನಪೂರ್ತಿ. 57ಕ್ಕೆ ಕೇಳಿದರೆ 1,714 ಹೋಗಿ 1,645. ವಯಸ್ಸು 60 ಆದರೆ ಈ ಕಡಿತ 58ರಿಂದ ಎಣಿಸುತ್ತಾರೋ 60ರಿಂದಲೋ, ಮೊದಲು ಕೇಳಬೇಕಾದ್ದು ಅದನ್ನೇ.