ಜುವಾರಿ ಸೇತುವೆಯ ಕೇಬಲ್ ತುಂಡಾದರೆ ಏನಾಗುತ್ತದೆ?

ಸದಾಶಿವಗಡದವ:
ಅಮ್ಮನ ಚಿಕಿತ್ಸೆಗೆ ಪಣಜಿ ಕಡೆ ಹೋಗುವಾಗ ಗೋವಾದ ಜುವಾರಿ ನದಿಯ ಹೊಸ ಸೇತುವೆಯನ್ನು ದಾಟಬೇಕು. 2024ರ ಆಗಸ್ಟ್ 7ರ ನಸುಕಿನಲ್ಲಿ ನಮ್ಮ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿ ನೀರಿಗೆ ಬಿದ್ದಾಗಿನಿಂದ ಅಮ್ಮನಿಗೆ ಸೇತುವೆ ಎಂದರೆ ದಿಗಿಲು. ‘ಅಷ್ಟು ಕಂಬಗಳಿದ್ದೂ ಕಾಳಿಯದು ಉಳಿಯಲಿಲ್ಲ. ಇದಕ್ಕೆ ನಡುವೆ ಕಂಬವೇ ಇಲ್ಲ, ಒಂದು ಹಗ್ಗ ಹರಿದರೆ ಏನು ಗತಿ?’ ಎನ್ನುತ್ತಾರೆ. ಏನು ಹೇಳಲಿ?

ನಿವೃತ್ತ ಎಂಜಿನಿಯರ್:
ತಾಯಿಯವರು ಕೇಳಿದ್ದು ಸರಿಯಾದ ಪ್ರಶ್ನೆ. ವಿನ್ಯಾಸಕಾರರೂ ಅದನ್ನೇ ಕೇಳಿಕೊಳ್ಳುತ್ತಾರೆ. ಎತ್ತರದ ಗೋಪುರಗಳಿಂದ ಓರೆಯಾಗಿ ಇಳಿದ ಕೇಬಲ್‌ಗಳೇ ಇಲ್ಲಿ ರಸ್ತೆಯನ್ನು ಹಿಡಿದಿರುತ್ತವೆ. ಒಂದು ಕೇಬಲ್ ಹಠಾತ್ತನೆ ಹೋದರೂ ಅಕ್ಕಪಕ್ಕದವು ಭಾರ ಹೊರುವಂತೆ ಲೆಕ್ಕ ಹಾಕಿಯೇ ಇಂಥ ಸೇತುವೆ ಕಟ್ಟುವುದು. ಹೊರಗೆ ಒಂದೇ ಕೊಳವೆಯಂತೆ ಕಂಡರೂ ಒಳಗೆ ಉಕ್ಕಿನ ಹಲವು ಎಳೆಗಳಿರುತ್ತವೆ. ಒಂದೊಂದು ಎಳೆಯೂ ಏಳು ತಂತಿಗಳನ್ನು ಹೊಸೆದದ್ದು. ಸವೆದ ಕೇಬಲನ್ನು ಬಿಚ್ಚಿ ಹೊಸದನ್ನು ಹಾಕಬಹುದು.

ನಡುವೆ ಕಂಬ ಇಲ್ಲದಿರುವುದು ಕೊರತೆಯಲ್ಲ. ಅದಿರು ಹೊತ್ತ ಬಾರ್ಜ್‌ಗಳು ಮರ್ಮಗೋವಾ ಬಂದರಿಗೆ ಇಳಿಯುವುದು ಇದೇ ಅಳಿವೆಯ ಮೂಲಕ. ಎರಡು ಗೋಪುರಗಳ ನಡುವೆ 360 ಮೀಟರ್ ತೆರವಿರುವುದರಿಂದ ಬಾರ್ಜ್ ಬಂದು ಕಂಬಕ್ಕೆ ಬಡಿಯುವ ಅಪಾಯವೂ ಕಡಿಮೆ. ಎರಡೂ ಬದಿಯ ಕೇಬಲ್‌ಗಳು ಗೋಪುರವನ್ನು ಸರಿಸಮನಾಗಿ ಎಳೆಯುತ್ತವೆ. ಕಾವಡಿ ಹೊತ್ತವನ ಹೆಗಲಿನ ಹಾಗೆ, ಭಾರವೆಲ್ಲ ನೇರವಾಗಿ ಬುಡಕ್ಕೆ ಇಳಿಯುತ್ತದೆ. ಇದನ್ನು ಅಮ್ಮನಿಗೆ ಹೇಳಿ, ಒಪ್ಪುತ್ತಾರೆ.

ಕುಠ್ಠಾಳಿಯಲ್ಲಿರುವ ಕಾರವಾರದವಳು:
ಹಳೆಯ ಜುವಾರಿ ಸೇತುವೆಯ ಮೇಲೆ ಭಾರೀ ವಾಹನಗಳಿಗೆ ತಡೆ ಹಾಕಿದ್ದ ಕಾಲವನ್ನು ಕಂಡವಳು ನಾನು. ಹೊಸದರ ನಾಲ್ಕು ಪಥಗಳು 2022ರ ಡಿಸೆಂಬರ್‌ನಲ್ಲಿ, ಉಳಿದ ನಾಲ್ಕು ಮರುವರ್ಷದ ಡಿಸೆಂಬರ್‌ನಲ್ಲಿ ತೆರೆದವು. ಈಗ ನಿಶ್ಚಿಂತೆಯಿಂದ ದಾಟುತ್ತೇನೆ. ಸರ್, ಕಾಳಿಗೂ ಇಂಥದ್ದೇ ಬೇಕಲ್ಲವೇ?

ನಿವೃತ್ತ ಎಂಜಿನಿಯರ್:
ಬೇಡಮ್ಮ. ಕಾರವಾರದ ಬಂದರು ಬೈತಖೋಲದಲ್ಲಿದೆ, ದೊಡ್ಡ ಹಡಗುಗಳು ಕಾಳಿಯೊಳಗೆ ಬರಬೇಕಾಗಿಲ್ಲ. ಕಂಬಗಳ ಸೇತುವೆಯೇ ಅಲ್ಲಿಗೆ ಸಾಕು. ಆದರೆ ಉಪ್ಪುನೀರಿನಲ್ಲಿ ನಿಂತ ಕಂಬದ ಬುಡವನ್ನು ಮುಳುಗುಗಾರರು ಇಳಿದು ನೋಡಬೇಕು, ಕಾಂಕ್ರೀಟಿನೊಳಗೆ ಅಡಗಿರುವ ಉಕ್ಕಿಗೆ ತುಕ್ಕು ಹತ್ತಿದೆಯೇ ಎಂದು ಪರೀಕ್ಷಿಸಬೇಕು. ಜುವಾರಿಯಲ್ಲಾದರೆ ಕೇಬಲ್‌ಗಳ ಕೆಳತುದಿಯ ಹಿಡಿತದೊಳಗೆ ಮಳೆನೀರು ಸೇರಿದೆಯೇ ಎಂದು ನೋಡಬೇಕು. ಈ ವರದಿಗಳನ್ನು ಜನರ ಮುಂದಿಡಬೇಕೆಂದು ನಾನು ಬಹಳ ಕಾಲದಿಂದ ಕೇಳುತ್ತಿದ್ದೇನೆ. ಮಾಹಿತಿ ಹಕ್ಕಿನಡಿ ಅರ್ಜಿ ಹಾಕುವುದಾದರೆ ಯಾವ ಯಾವ ಪರೀಕ್ಷೆಯ ವರದಿ ಕೇಳಬೇಕೆಂದು ಬರೆದುಕೊಡುತ್ತೇನೆ.

ಸದಾಶಿವಗಡದವ:
ಬರೆದುಕೊಡಿ ಸರ್. ಅರ್ಜಿಗೆ ಸಹಿ ನನ್ನದು.